ತಾರಸಿಯ ಸೂರ್ಯನೂ ತಿಂಗಳ ಬಿಲ್ಲೂ

ಮನೆಯ ತಾರಸಿಯ ಮೇಲೆ ಸೌರಫಲಕ ಹಾಕಿಸುವುದು ಲಾಭವೇ ಎಂದು ಬೆಂಗಳೂರಿನಲ್ಲಿ ಕೇಳಿದರೆ ಸಿಗುವ ಉತ್ತರಗಳು ಎರಡು. ನಾಲ್ಕೇ ವರ್ಷಗಳಲ್ಲಿ ಬಂಡವಾಳ ಕೈಸೇರುತ್ತದೆ ಎನ್ನುತ್ತಾರೆ ಮಾರುವವರು. ಇದು ಪರಿಸರದ ಕರ್ತವ್ಯ, ಇಲ್ಲಿ ಲೆಕ್ಕಾಚಾರ ಸಲ್ಲದು ಎನ್ನುತ್ತಾರೆ ಉತ್ಸಾಹಿಗಳು. ನಿವೃತ್ತಿಯ ಇಡುಗಂಟನ್ನು ಎಚ್ಚರದಿಂದ ಕಾಯ್ದುಕೊಂಡಿರುವ ಕುಟುಂಬಕ್ಕೆ ಇವೆರಡೂ ಸಾಲವು. ಲೆಕ್ಕ ಹಾಕಲೇಬೇಕು. ಅದು ಆರಂಭವಾಗಬೇಕಾದುದು ಫಲಕದ ಬೆಲೆಯಿಂದಲ್ಲ, ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳಿಂದ.

ತಿಂಗಳಿಗೆ 350 ಯೂನಿಟ್ ಬಳಸುವ ಸ್ವಂತ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ಕಿಲೋವಾಟ್ ಸ್ಥಾವರಕ್ಕೆ ಸುಮಾರು 300 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಬಿಸಿಲಿನಲ್ಲಿ ಅದು ವರ್ಷಕ್ಕೆ ಸುಮಾರು 3,900 ಯೂನಿಟ್ ಕೊಟ್ಟೀತು. 2025-26ರ ದರ ಯೂನಿಟ್‌ಗೆ 5.80 ರೂಪಾಯಿ, ಪಿಂಚಣಿ ಸರ್‌ಚಾರ್ಜ್ ಮತ್ತು ತೆರಿಗೆ ಸೇರಿಸಿದರೆ ಆರೂವರೆ ರೂಪಾಯಿ ಎಂದಿಟ್ಟುಕೊಳ್ಳಬಹುದು. ಅಂದರೆ ವರ್ಷಕ್ಕೆ ಸುಮಾರು 25 ಸಾವಿರ ರೂಪಾಯಿ ಉಳಿತಾಯ. ಸ್ಥಾವರದ ವೆಚ್ಚ ಎರಡು ಲಕ್ಷ ಎಂದಾದರೆ, 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ 78 ಸಾವಿರ ರೂಪಾಯಿ ಸಹಾಯಧನ ಕಳೆದು, ಕೈಯಿಂದ ಹಾಕಬೇಕಾದುದು 1.22 ಲಕ್ಷ. ಐದು ವರ್ಷಗಳಲ್ಲಿ ಅಸಲು ಮರಳುತ್ತದೆ. ಅದೇ ಹಣ ಠೇವಣಿಯಲ್ಲಿದ್ದರೆ ಬರಬಹುದಾಗಿದ್ದ ಬಡ್ಡಿಯನ್ನೂ ಎಣಿಸಿದರೆ ಆರರಿಂದ ಏಳು ವರ್ಷ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಖಾತರಿ ಇರುತ್ತದೆ. ಇನ್ವರ್ಟರ್ ಮಾತ್ರ ನಡುವೆ ಒಮ್ಮೆಯಾದರೂ ಬದಲಾಗಬೇಕಾದೀತು. ಇಷ್ಟೆಲ್ಲ ಕಳೆದರೂ ಇದು ಕೆಟ್ಟ ಹೂಡಿಕೆಯಲ್ಲ. ಉಳಿದ ಬಿಲ್ಲಿಗೆ ಆದಾಯ ತೆರಿಗೆಯಿಲ್ಲ, ಠೇವಣಿಯ ಬಡ್ಡಿಗೆ ಉಂಟು.

ಆದರೆ ಇದೇ ಬೀದಿಯಲ್ಲಿ 150 ಯೂನಿಟ್ ಬಳಸುವ ಮನೆಯ ಗತಿಯೇ ಬೇರೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಫಲಾನುಭವಿಯಾಗಿ ಆ ಮನೆ ಶೂನ್ಯ ಬಿಲ್ಲು ಪಡೆಯುತ್ತಿದ್ದರೆ, ಫಲಕದಿಂದ ಅದಕ್ಕೆ ಉಳಿಯುವುದೂ ಶೂನ್ಯ. ಒಂದು ಸರ್ಕಾರ ಫಲಕ ಹಾಕಿಸಲು ಹಣ ಕೊಡುತ್ತದೆ, ಇನ್ನೊಂದು ಸರ್ಕಾರ ಹಾಕಿಸುವ ಅಗತ್ಯವನ್ನೇ ತೆಗೆದುಹಾಕುತ್ತದೆ. ಎರಡಕ್ಕೂ ಹಣ ತೆರುವವನು ಒಬ್ಬನೇ ತೆರಿಗೆದಾರ. ಇನ್ನೂ ವಿಚಿತ್ರವಾದುದು 220-230 ಯೂನಿಟ್‌ನಲ್ಲಿ ನಿಂತವರ ಸ್ಥಿತಿ. 200 ದಾಟಿದೊಡನೆ ಪೂರ್ಣ ಬಿಲ್ಲು ಕಟ್ಟಬೇಕು. ಹಿಂದಿನ ಸರಾಸರಿ ಬಳಕೆಯ ಮೇಲೆ ಗೊತ್ತಾದ ಇವರ ಅರ್ಹತಾ ಮಿತಿ 200ರ ಆಸುಪಾಸಿನಲ್ಲಿದ್ದರೆ, ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಹಳೆಯ ಫ್ಯಾನುಗಳನ್ನು ಬದಲಾಯಿಸಿ, ಗೀಸರಿನ ಜಾಗಕ್ಕೆ ಸೋಲಾರ್ ವಾಟರ್ ಹೀಟರ್ ತರುವುದೇ ಜಾಣತನ. ಈ ನಗರ ದಶಕಗಳಿಂದ ಸ್ನಾನದ ನೀರನ್ನು ಬಿಸಿಲಿನಲ್ಲಿ ಕಾಯಿಸಿಕೊಂಡು ಬಂದಿದೆ.

ಮಾರಾಟಗಾರರು ಮೆಲ್ಲಗೆ ಹೇಳುವ ಎರಡು ಸಂಗತಿಗಳಿವೆ. ನಿಗದಿತ ಶುಲ್ಕ ಮಂಜೂರಾದ ಹೊರೆಯ ಮೇಲೆ ಬೀಳುವುದರಿಂದ ಸೂರ್ಯ ಅದನ್ನು ಇಳಿಸಲಾರ. ಎರಡನೆಯದು, ಬ್ಯಾಟರಿಯಿಲ್ಲದ ಸ್ಥಾವರ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಹಾಗೆ ಮಾಡಲಾಗಿದೆ, ಅದು ಸರಿಯೇ. ಆದರೆ ನಡುಮಧ್ಯಾಹ್ನದ ಬಿಸಿಲಲ್ಲಿ ಫ್ಯಾನು ನಿಂತಾಗ ಹಣ ಹಾಕಿದವರಿಗೆ ಅದನ್ನು ವಿವರಿಸುವುದು ಕಷ್ಟ.

ನೆಟ್ ಮೀಟರಿಂಗ್‌ನ ಸ್ವರೂಪವನ್ನೂ ಅರಿತಿರಬೇಕು. ಹಗಲು ಕೊಟ್ಟ ವಿದ್ಯುತ್ತನ್ನು ರಾತ್ರಿ ಅಷ್ಟೇ ಪ್ರಮಾಣದಲ್ಲಿ ಹಿಂಪಡೆಯುತ್ತೇವೆ. ಮಿಕ್ಕಿದ್ದಕ್ಕೆ ಸಿಗುವ ಬೆಲೆ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಸ್ಥಾವರ ಹಾಕುವುದು ವ್ಯರ್ಥ. ಈ ದರಗಳು ಶಾಶ್ವತವೂ ಅಲ್ಲ. 2013ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ಗೊತ್ತುಪಡಿಸಿತ್ತು; 2016ರಲ್ಲಿ ಹೊಸ ಸ್ಥಾವರಗಳಿಗೆ ಅದು ಇಳಿಯಿತು. ಫಲಕ ಅಗ್ಗವಾದಂತೆ ದರ ಇಳಿಸಿದ್ದು ನ್ಯಾಯವೇ. ಸಂಜೆ ಏಳರ ಬೇಡಿಕೆಗೆ ಮಧ್ಯಾಹ್ನದ ಸೂರ್ಯ ಒದಗುವುದಿಲ್ಲವಾದ್ದರಿಂದ, ಇಂದಿನ ವಿನಿಮಯದ ಉದಾರತೆಯೂ ಮುಂದೊಮ್ಮೆ ಮರುಪರಿಶೀಲನೆಗೆ ಬರಬಹುದು. ಬಿಲ್ಲಿನ ಹೊರೆ ಹೆಚ್ಚಿದ್ದು ಹಾಕಿಸಲು ನಿರ್ಧರಿಸಿದವರು ತಡಮಾಡಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಪಾರ್ಟ್‌ಮೆಂಟಿನವರಿಗೆ ತಾರಸಿ ತಮ್ಮೊಬ್ಬರದಲ್ಲ. ಲಿಫ್ಟು, ಪಂಪುಗಳ ಸಾಮಾನ್ಯ ಬಳಕೆಗೆ ಸಂಘದ ಹೆಸರಿನಲ್ಲಿ ಕಿಲೋವಾಟ್‌ಗೆ 18 ಸಾವಿರ ಸಹಾಯಧನವಿದೆ. ವಾರ್ಷಿಕ ಸಭೆಯಲ್ಲಿ ಒಮ್ಮತ ಮೂಡಿಸುವುದಷ್ಟೇ ತೊಡಕು.

ಸ್ವಂತ ಮನೆಯವರ ದೊಡ್ಡ ಅಪಾಯ ನೆರಳು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಮೂವತ್ತು-ನಲವತ್ತು ಅಡಿಗಳ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತಿರುವ ಈ ಊರಿನಲ್ಲಿ 25 ವರ್ಷಗಳ ಬಿಸಿಲಿಗೆ ಯಾವ ಕಂಪನಿಯೂ ಖಾತರಿ ಬರೆದುಕೊಡುವುದಿಲ್ಲ. ತೆಂಕಣ ದಿಕ್ಕಿನಲ್ಲಿ ಹಳೆಯ ಒಂದಂತಸ್ತಿನ ಮನೆಯಿದ್ದರೆ, ಮುಂಗಡ ಕೊಡುವ ಮುನ್ನ ಆ ನೆರೆಯವರನ್ನು ಕಾಫಿಗೆ ಕರೆದು, ಮೇಲೆ ಕಟ್ಟುವ ಆಲೋಚನೆಯುಂಟೇ ಎಂದು ವಿಚಾರಿಸಿಕೊಳ್ಳುವುದು ಒಳಿತು.