ಸೇನಾ ಗೌರವದ ಅಂತ್ಯಕ್ರಿಯೆ: ಪೆಟ್ಟಿಗೆ ಹೊರುವ ಯೋಧರ ಪಾತ್ರವೇನು?

ಕರ್ತವ್ಯದಲ್ಲಿ ಮಡಿದ ಯೋಧನ ಪಾರ್ಥಿವ ಶರೀರವನ್ನು ಸೇನೆಯವರೇ ಹುಟ್ಟೂರಿಗೆ ತರುತ್ತಾರೆ. ಆ ಊರು ನಮ್ಮ ಕರಾವಳಿಯಲ್ಲಿರಲಿ, ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿರಲಿ, ಆತ ಕ್ರೈಸ್ತನಾಗಿದ್ದರೆ ಧರ್ಮಗುರುಗಳಿಗೂ ಉಪದೇಶಿಗಳಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಸೇನೆಯ ವಿಧಿ ಎಲ್ಲಿಯವರೆಗೆ, ಚರ್ಚಿನ ವಿಧಿ ಎಲ್ಲಿಂದ?

ಪೆಟ್ಟಿಗೆ ಹೊರುವವರು ಸಾಮಾನ್ಯವಾಗಿ ಆರು ಅಥವಾ ಎಂಟು ಮಂದಿ. ಇವರ ಕೈಯಲ್ಲಿ ಬಂದೂಕು ಇರುವುದಿಲ್ಲ. ಕುಶಾಲತೋಪು ಹಾರಿಸುವ ತುಕಡಿಯೂ ಕಹಳೆಯವರೂ ಬೇರೆ. ಒಬ್ಬ ಮುಖ್ಯಸ್ಥನ ಆಜ್ಞೆಯಂತೆ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಿಧಾನವಾಗಿ ನಡೆಯುತ್ತಾರೆ. ಜೊತೆಗಾರರು ಸಲ್ಲಿಸುವ ಕೊನೆಯ ಸೇವೆ ಇದು. ದೇಶದ ಪರವಾಗಿ ಕೊಡುವ ಹೆಗಲೂ ಹೌದು.

ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜವಿರುತ್ತದೆ. 2002ರ ಭಾರತದ ಧ್ವಜ ಸಂಹಿತೆಯಂತೆ ಕೇಸರಿ ಬಣ್ಣ ಮೃತರ ತಲೆಯ ಕಡೆಗಿರಬೇಕು. ಧ್ವಜವನ್ನು ಸಮಾಧಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಆದ್ದರಿಂದ ಅದನ್ನು ಮೊದಲೇ ತೆಗೆದು ಮಡಚಿ ಮನೆಯವರಿಗೆ ಒಪ್ಪಿಸುವುದು ರೂಢಿ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದ ನಂತರ ನಿಧನರಾದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆಯ ಬೆಟದೂರಿನಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದ್ದು ನಮಗೆ ನೆನಪಿದೆ.

ಚರ್ಚಿಗೂ ತನ್ನದೇ ಕ್ರಮವಿದೆ. ಪೂಜೆಯ ವೇಳೆ ವಿಶ್ವಾಸಿಯ ಪಾದಗಳು ಪೀಠದ ಕಡೆಗಿರುತ್ತವೆ; ಯಾಜಕರಾದರೆ ತಲೆ ಪೀಠದ ಕಡೆಗೆ. ಪೆಟ್ಟಿಗೆಗೆ ಹೊದಿಸುವ ಬಿಳಿ ವಸ್ತ್ರ ಜ್ಞಾನಸ್ನಾನದ ನೆನಪು. ಧ್ವಜ ಮತ್ತು ಬಿಳಿ ವಸ್ತ್ರವನ್ನು ಒಂದರ ಮೇಲೊಂದು ಹೊದಿಸುವ ಬದಲು, ಚರ್ಚಿನ ಬಾಗಿಲಲ್ಲಿ ಯೋಧರೇ ಧ್ವಜ ತೆಗೆದು ಪೂಜೆಯ ಬಳಿಕ ಮತ್ತೆ ಹೊದಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಎರಡೂ ವಿಧಿಗಳು ಜೊತೆಯಾಗಿ ನಡೆಯಬಲ್ಲವು. 1997ರ ಸೆಪ್ಟೆಂಬರ್ 13ರಂದು ಕೊಲ್ಕತ್ತಾದಲ್ಲಿ ಮದರ್ ತೆರೇಸಾರವರ ಪಾರ್ಥಿವ ಶರೀರ ಫಿರಂಗಿ ಗಾಡಿಯಲ್ಲಿ ಸಾಗಿತು. ಗಾಂಧೀಜಿ ಮತ್ತು ನೆಹರೂರವರನ್ನು ಹೊತ್ತಿದ್ದ ಗಾಡಿಯೇ ಅದು. ಯೋಧರು ನೇತಾಜಿ ಒಳಾಂಗಣ ಕ್ರೀಡಾಂಗಣದೊಳಗೆ ಹೊತ್ತು ತಂದರು. ಕಾರ್ಡಿನಲ್ ಏಂಜೆಲೋ ಸೊದಾನೋ ಬಲಿಪೂಜೆ ಅರ್ಪಿಸಿದರು. ದಫನ ನಡೆದದ್ದು ಸಿಸ್ಟರ್‌ಗಳ ಮಾತೃನಿವಾಸದಲ್ಲಿ.

ಇಷ್ಟರ ನಡುವೆ ಮನೆಯವರು ಹಿಂದೆ ಉಳಿಯಬಾರದು. ಅಣ್ಣತಮ್ಮಂದಿರಿಗೆ, ಮಕ್ಕಳಿಗೆ ತಾವೂ ಹೆಗಲು ಕೊಡುವ ಆಸೆಯಿರುತ್ತದೆ. ಅಳುವ ಮನೆಯಲ್ಲಿ ಅದನ್ನು ಸೇನಾಧಿಕಾರಿಯ ಮುಂದೆ ಹೇಳುವವರು ಯಾರು? ಧರ್ಮಗುರುಗಳೇ ಮುಂಚಿತವಾಗಿ ಮಾತನಾಡಿ, ಯೋಧರು ಎಲ್ಲಿಯವರೆಗೆ ಹೊರಬೇಕು, ಮನೆಯವರು ಎಲ್ಲಿಂದ ಹೊರಬೇಕು ಎಂದು ನಿಶ್ಚಯಿಸಿಕೊಳ್ಳಲಿ. ದೇಶ ಕೊಡುವ ಗೌರವದಲ್ಲಿ ತಾಯಿಯ ಕಣ್ಣೀರಿಗೂ ಜಾಗವಿರಲಿ.