ಎಸ್ಸೆಸ್ಸೆಲ್ಸಿ ಗಣಿತ ಕಷ್ಟ ಆಗೋದು ಯಾಕೆ? ಉತ್ತರ 6, 7ನೇ ಕ್ಲಾಸಿನಲ್ಲಿದೆ

ಮಕ್ಕಳು ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಮನೆಯಲ್ಲಿ ಟಿವಿ ಬಂದ್, ಮೊಬೈಲ್ ಬಂದ್, ಟ್ಯೂಷನ್ ಶುರು. ಆರು ವಿಷಯ, 625 ಅಂಕ, ಎಲ್ಲರಿಗೂ ಟೆನ್ಷನ್. ಆದರೆ ಅದೇ ಮಗು ಆರನೇ, ಏಳನೇ ಕ್ಲಾಸಿನಲ್ಲಿದ್ದಾಗ "ಇನ್ನೂ ಚಿಕ್ಕದು ಬಿಡಿ" ಅಂತ ಸುಮ್ಮನಿರುತ್ತೇವೆ. ಹೈಸ್ಕೂಲಿನಲ್ಲಿ ಮಕ್ಕಳು ಎಡವುವ ಬಹಳಷ್ಟು ಕಡೆ, ಕಲ್ಲು ಇರುವುದು ಈ ಮೂರು ವರ್ಷದಲ್ಲೇ: 6, 7 ಮತ್ತು 8.

ಸಣ್ಣ ಮೈನಸ್, ದೊಡ್ಡ ಪೆಟ್ಟು

ಒಂದು ಉದಾಹರಣೆ ನೋಡಿ. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಅಂತ ಪಾಠ ಇದೆ. x² − x − 6 = 0 ಬಿಡಿಸಬೇಕು. ಅದಕ್ಕೆ ಗುಣಿಸಿದರೆ −6, ಕೂಡಿದರೆ −1 ಬರುವ ಎರಡು ಸಂಖ್ಯೆ ಹುಡುಕಬೇಕು. ಉತ್ತರ −3 ಮತ್ತು 2. ಲೆಕ್ಕದ ವಿಧಾನ ಮಕ್ಕಳಿಗೆ ಬಾಯಿಪಾಠ ಇರುತ್ತೆ. ಸಿಕ್ಕಿಹಾಕಿಕೊಳ್ಳೋದು ಮೈನಸ್ ಹತ್ತಿರ. −3ಕ್ಕೆ 2 ಕೂಡಿದರೆ −5 ಅಂತ ಬರೆದುಬಿಡ್ತಾರೆ.

ಇದು ಹತ್ತನೇ ಕ್ಲಾಸಿನ ತಪ್ಪಲ್ಲ. ಪೂರ್ಣಾಂಕಗಳು ಅಂತ ಆರು, ಏಳನೇ ಕ್ಲಾಸಿನಲ್ಲಿ ಬರುವ ಪಾಠ. ಭಿನ್ನರಾಶಿಯದ್ದೂ ಇದೇ ಕತೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡು ಅಂದರೆ ಮೇಲಿನದ್ದು ಮೇಲೆ, ಕೆಳಗಿನದ್ದು ಕೆಳಗೆ ಕೂಡಿ 2/5 ಅಂತಾರೆ. ಸರಿಯಾದ ಉತ್ತರ 5/6. ಇದು ಗಟ್ಟಿಯಾಗದಿದ್ದರೆ ತ್ರಿಕೋನಮಿತಿಯೂ ಕಷ್ಟ, ವಿಜ್ಞಾನದಲ್ಲಿ ವಿದ್ಯುತ್ ರೋಧದ ಲೆಕ್ಕವೂ ಕಷ್ಟ.

ಅಂಥ ಮಗು ಕೊನೆಗೆ ಹೇಳೋದು ಒಂದೇ ಮಾತು: "ನಂಗೆ ಗಣಿತ ಬರಲ್ಲ." ಬರದೇ ಇರೋದು ಗಣಿತ ಅಲ್ಲ, ಮೂರ್ನಾಲ್ಕು ಹಳೇ ಪಾಠ ಅಷ್ಟೇ.

ಓದೋಕೆ ಬಂದರೆ ಸಾಲದು

ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಓದುವುದನ್ನು ಕಲಿಯುತ್ತಾರೆ. ಹೈಸ್ಕೂಲಿನಲ್ಲಿ ಓದಿ ಕಲಿಯಬೇಕು. ಸಮಾಜ ವಿಜ್ಞಾನ, ವಿಜ್ಞಾನದ ಪಾಠಗಳು ಉದ್ದ, ಹೊಸ ಪದಗಳು ಜಾಸ್ತಿ. ಸರಾಗವಾಗಿ ಗಟ್ಟಿಯಾಗಿ ಓದುವ ಮಗು ಕೂಡ "ಏನು ಹೇಳಿದ್ದಾರೆ?" ಅಂತ ಕೇಳಿದರೆ ತಡವರಿಸಬಹುದು. ಪ್ರಶ್ನೋತ್ತರ ಬಾಯಿಪಾಠ ಮಾಡಿ ಏಳನೇ ಕ್ಲಾಸು ದಾಟಬಹುದು. ಹೈಸ್ಕೂಲಿನ ಇಡೀ ಪುಸ್ತಕ ಬಾಯಿಪಾಠ ಮಾಡೋಕಾಗಲ್ಲ.

ಊರು ಬಿಟ್ಟು ಹೋಬಳಿಗೆ

ನಮ್ಮ ಮಲೆನಾಡಿನ ಬಹಳಷ್ಟು ಹಳ್ಳಿಗಳಲ್ಲಿ ಏಳನೇ ತರಗತಿವರೆಗೆ ಶಾಲೆ ಊರಲ್ಲೋ ಪಕ್ಕದೂರಲ್ಲೋ ಇರುತ್ತೆ. ಕೆಲವು ಕಡೆ ಎಂಟನೆಯದೂ ಅಲ್ಲೇ. ಆಮೇಲೆ ಹೋಬಳಿ ಕೇಂದ್ರದ ಹೈಸ್ಕೂಲು. ಹತ್ತಾರು ಮಕ್ಕಳಿದ್ದ ಕ್ಲಾಸು ಬಿಟ್ಟು ದೊಡ್ಡ ಕ್ಲಾಸು, ವಿಷಯಕ್ಕೊಬ್ಬರು ಮೇಷ್ಟ್ರು, ಬೆಳಿಗ್ಗೆ ಬೇಗ ಬಸ್. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸೇ ಓಡುವ ಊರಿನ ಹೆಣ್ಣುಮಕ್ಕಳು ಟಿಕೆಟ್ ತಗೊಳ್ಳಲೇಬೇಕು. ದಾರಿಯೂ ಕಷ್ಟ, ಪಾಠವೂ ಅರ್ಥವಾಗ್ತಿಲ್ಲ ಅಂತಾದರೆ ಮಗು ಮೊದಲು ವಾರಕ್ಕೊಂದು ದಿನ ತಪ್ಪಿಸುತ್ತೆ, ಆಮೇಲೆ ಶಾಲೆಯನ್ನೇ ಬಿಡುತ್ತೆ.

ಸೇತುಬಂಧ ತಪ್ಪಿಸಬೇಡಿ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಸೇತುಬಂಧ ನಡೆಯುತ್ತೆ. ಹಿಂದಿನ ವರ್ಷದ್ದು ಮಗುವಿಗೆ ಎಷ್ಟು ಬರುತ್ತೆ ಅಂತ ಮೊದಲೊಂದು ಪರೀಕ್ಷೆ, ಬಾರದ್ದನ್ನು ಮತ್ತೆ ಹೇಳಿಕೊಟ್ಟು ಕೊನೆಗೊಂದು ಪರೀಕ್ಷೆ. ತೊಂದರೆ ಏನೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆ ಮಳೆ ಹಿಡಿಯೋದೂ ಇದೇ ಹೊತ್ತಿಗೆ. ಮಳೆ ರಜೆ ಕೊಟ್ಟರೆ ಬೇರೆ ಮಾತು. ಆದರೆ "ಇನ್ನೂ ಪಾಠ ಶುರುವಾಗಿಲ್ಲವಲ್ಲ" ಅಂತ ನಾವೇ ಮನೆಯಲ್ಲಿ ಉಳಿಸಿಕೊಳ್ಳಬಾರದು. ಆ ಪರೀಕ್ಷೆಯ ಉತ್ತರ ಪತ್ರಿಕೆ ತೋರಿಸಿ ಅಂತ ಮೇಷ್ಟ್ರನ್ನು ಕೇಳಿ. ಅಂಕಕ್ಕಿಂತ, ಎಲ್ಲಿ ತಪ್ಪಿದೆ ಅನ್ನೋದು ಮುಖ್ಯ.

8ನೇ ಕ್ಲಾಸಿನಲ್ಲಿ ₹48,000ದ ಅವಕಾಶ

ಎನ್‌ಎಂಎಂಎಸ್ ಪರೀಕ್ಷೆ ಬರೆಯೋದು ಎಂಟನೇ ಕ್ಲಾಸಿನಲ್ಲಿ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ ₹12,000. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ವಸತಿ ಶಾಲೆಯವರಿಗೆ ಇಲ್ಲ. ಪೋಷಕರ ವಾರ್ಷಿಕ ಆದಾಯ ₹3.5 ಲಕ್ಷ ಮೀರಿರಬಾರದು. ಬುದ್ಧಿಶಕ್ತಿ ಮತ್ತು ವಿಷಯವಾರು, ಎರಡು ಪತ್ರಿಕೆ. ವಿಷಯದ ಪ್ರಶ್ನೆಗಳು 7 ಮತ್ತು 8ನೇ ಕ್ಲಾಸಿನ ಪಾಠದಿಂದಲೇ ಬರುತ್ತವೆ. ಅರ್ಜಿ ಶಾಲೆಯ ಮೂಲಕ. ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ.

ಹಾಗೇ ಸ್ಯಾಟ್ಸ್ ದಾಖಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯಾ ನೋಡಿ. ಇಲ್ಲಿನ ಕಾಗುಣಿತ ತಪ್ಪೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ನೀವು ಓದಿರಬೇಕು ಅಂತೇನಿಲ್ಲ. ಏಳನೇ ಕ್ಲಾಸಿನ ಮಗುವಿಗೆ ಈ ಮೂರು ಕೇಳಿ:

1. ಅರ್ಧ ಎಕರೆ ಜಾಗದ ಕಾಲು ಭಾಗದಲ್ಲಿ ಅಡಿಕೆ ಸಸಿ ಹಾಕಿದರೆ ಎಷ್ಟು ಗುಂಟೆ ಆಯ್ತು? (ಉತ್ತರ: 5 ಗುಂಟೆ)

2. ಅಂಗಡಿಯಲ್ಲಿ ₹70 ಸಾಲ ಇದೆ, ₹30 ಕೊಟ್ಟೆ. ಇದನ್ನ ಪ್ಲಸ್ ಮೈನಸ್ ಹಾಕಿ ಬರಿ. (ಉತ್ತರ: −70 + 30 = −40)

3. ಸಮಾಜ ವಿಜ್ಞಾನದ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತು ಅಂತ ನಿನ್ನ ಮಾತಲ್ಲಿ ಹೇಳು.

ತಪ್ಪಿದರೆ ಬೈಯಬೇಡಿ. ಎಲ್ಲಿ ತಪ್ಪಿತು ಅಂತ ಬರೆದುಕೊಂಡು ಶಾಲೆಗೆ ಹೋಗಿ ಕೇಳಿ. ಏಳನೇ ಕ್ಲಾಸಿನಲ್ಲಿ ಗೊತ್ತಾದರೆ ಸರಿಮಾಡೋಕೆ ಮೂರು ವರ್ಷ ಸಿಗುತ್ತೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಗೊತ್ತಾದರೆ ಉಳಿಯೋದು ಕೆಲವೇ ವಾರ.