ತಿದ್ದುವ ಕಣ್ಣು

ಮಳೆ ಬಿಟ್ಟ ಸಂಜೆಗಳಲ್ಲಿ ಮೂಡಿಗೆರೆಯ ಹುಡುಗರು ಕೆಸರಿನಲ್ಲಿ ಕಾಲ್ಚೆಂಡಾಡುವುದನ್ನು ಕಂಡಾಗಲೆಲ್ಲ ನನಗೆ ಕಾರ್ಲ್‌ಟನ್ ಚಾಪ್‌ಮನ್ನರ ನೆನಪಾಗುತ್ತದೆ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಆಟವನ್ನು ತಿದ್ದಿದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಮೂರು ಗೋಲು ಹೊಡೆದರು. 1997ರಲ್ಲಿ ಅವರ ನಾಯಕತ್ವದಲ್ಲಿ ಭಾರತ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಿತು. 2001ರಲ್ಲಿ ಆಟಕ್ಕೆ ವಿದಾಯ ಹೇಳಿ, ತಮ್ಮನ್ನು ಬೆಳೆಸಿದ ಅಕಾಡೆಮಿಗೇ ಶಿಕ್ಷಕರಾಗಿ ಮರಳಿದರು. ಮುಂದೆ, ನಮ್ಮಂತೆಯೇ ಮಳೆಯ ಗುಡ್ಡನಾಡಾದ ಶಿಲ್ಲಾಂಗಿನಲ್ಲಿ ರಾಯಲ್ ವಾಹಿಂಗ್‌ಡೋ ತಂಡವನ್ನೂ ಪಳಗಿಸಿದರು. 2020ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲೇ ತೀರಿಕೊಂಡರು.

ಇಲ್ಲಿ ನಾನು ಕಾಣುವ ಹುಡುಗರಿಗೆ ಕಾಲಿನ ಕಸುವಿದೆ. ಗೋಲಿಗೆ ಎರಡು ಕಲ್ಲುಗಳೂ ಇವೆ. ತಿದ್ದುವ ಕಣ್ಣೊಂದಿಲ್ಲ. ಕಾಫಿಗಿಡಕ್ಕೆ ನೆರಳಿನ ಮರ ಬೇಕೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೆ?